ಕರಡಿ ಗಾಯಕ್ಕೆ ಪರಿಹಾರ ಐತೆ, ಸವೆದ ಕೈಗೆ ಏನೈತೆ?

ಗುಡೇಕೋಟೆ: ಈ ಭಾಗದಲ್ಲಿ ಹೊಲಕ್ಕೆ ಹೋದವರ ಮೇಲೆ ಕರಡಿ ಬಿದ್ದರೆ ಮುಂದೇನು ಮಾಡಬೇಕು ಅನ್ನೋದು ಸಣ್ಣ ಹುಡುಗರಿಗೂ ಗೊತ್ತು. ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸೋದು, ಅರಣ್ಯ ಇಲಾಖೆಯವರಿಗೆ ತಿಳಿಸೋದು, ವೈದ್ಯರ ಸರ್ಟಿಫಿಕೇಟ್ ಪಡೆದು ಪರಿಹಾರಕ್ಕೆ ಅರ್ಜಿ ಹಾಕೋದು. ಕರಡಿಧಾಮದ ಪಕ್ಕದಲ್ಲೇ ಬದುಕುವ ಜನಕ್ಕೆ ಇದು ರೂಢಿಯಾಗಿದೆ. ಪರಿಹಾರ ತಡವಾಗಬಹುದು, ಕಮ್ಮಿ ಆಯ್ತು ಅನ್ನಿಸಬಹುದು. ಆದರೆ ದಾರಿ ಅಂತೂ ಇದೆ.

ಅದೇ ಊರಲ್ಲಿ ಹದಿನೈದು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತ ಟೈಲರ್‌ಗೆ ಬೆರಳು ಜೋಮು ಹಿಡಿದು ಕತ್ತರಿ ಕೈಯಿಂದ ಜಾರಿದರೆ ಯಾವ ಇಲಾಖೆಗೆ ಹೇಳಬೇಕು? ಸುಗ್ಗಿಯಿಡೀ ಹುಣಸೆಹಣ್ಣು ಬಡಿದು ಬೀಜ ತೆಗೆದ ಹೆಣ್ಣುಮಗಳಿಗೆ ಮಣಿಕಟ್ಟು ಊದಿಕೊಂಡರೆ ಯಾವ ಫಾರಂ ತುಂಬಬೇಕು? ಇದಕ್ಕೆ ಊರಲ್ಲಿ ಯಾರ ಹತ್ತಿರವೂ ಉತ್ತರವಿಲ್ಲ. ಕರಡಿ ಗಾಯಕ್ಕೆ ತಾರೀಖು ಇದೆ, ಜಾಗ ಇದೆ, ನೋಡಿದವರಿದ್ದಾರೆ. ಸವೆದ ಕೈಗೆ ಇವು ಯಾವುವೂ ಇಲ್ಲ. ನಮ್ಮ ಕಾನೂನು, ವಿಮೆ, ಕಲ್ಯಾಣ ಯೋಜನೆಗಳೆಲ್ಲ ಬಹುಪಾಲು ಒಂದೇ ಪದದ ಮೇಲೆ ನಿಂತಿವೆ. ಆ ಪದ ‘ಅಪಘಾತ’. ಒಂದೇ ಏಟಿಗೆ ಮುರಿದರೆ ಲೆಕ್ಕ, ದಿನಾ ಇಷ್ಟಿಷ್ಟೇ ಸವೆದರೆ ಲೆಕ್ಕಕ್ಕಿಲ್ಲ.

ಯಾರ ಕೈ ಇದು?

ಒಂದೇ ಚಲನೆಯನ್ನು ದಿನಕ್ಕೆ ಸಾವಿರಾರು ಸಲ ಮಾಡಿ ಸ್ನಾಯು, ಸ್ನಾಯುರಜ್ಜು, ನರಗಳಿಗೆ ಆಗುವ ಪೆಟ್ಟಿಗೆ ವೈದ್ಯರು ‘ರಿಪಿಟೇಟಿವ್ ಸ್ಟ್ರೈನ್ ಇಂಜುರಿ’, ಚಿಕ್ಕದಾಗಿ ಆರ್‌ಎಸ್‌ಐ ಅಂತಾರೆ. ಬೆಂಗಳೂರಿನಲ್ಲಿ ಇದು ಕಂಪ್ಯೂಟರ್ ಮುಂದೆ ಕೂರುವ ಸಾಫ್ಟ್‌ವೇರ್ ಮಂದಿಯ ಕಾಯಿಲೆ ಅಂತ ಹೆಸರಾಯ್ತು. ಹೆಸರು ಹೊಸದು, ನೋವು ಹಳೆಯದು. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜಿನಿ 300 ವರ್ಷದ ಹಿಂದೆಯೇ ಕಸುಬಿನಿಂದ ಬರುವ ಕಾಯಿಲೆಗಳ ಬಗ್ಗೆ ಪುಸ್ತಕ ಬರೆದ. ದಿನವಿಡೀ ಲೆಕ್ಕ ಬರೆಯುವ ಗುಮಾಸ್ತರ ಕೈ ಸೋಲುವುದನ್ನು ಅದರಲ್ಲಿ ದಾಖಲಿಸಿದ. ರೋಗಿಯನ್ನು ನೋಡುವಾಗ ‘ನಿನ್ನ ಕಸುಬು ಏನು’ ಅಂತ ವೈದ್ಯ ಕೇಳಲೇಬೇಕು ಅಂದವನೂ ಅವನೇ.

ಆ ಪ್ರಶ್ನೆಯನ್ನು ಕೂಡ್ಲಿಗಿ ತಾಲೂಕಿನಲ್ಲಿ ಕೇಳಿದರೆ ಪಟ್ಟಿ ಉದ್ದವಾಗುತ್ತದೆ. ಟೈಲರ್‌ಗಳು, ಬಳ್ಳಾರಿ ಜೀನ್ಸ್ ಘಟಕಗಳಿಗೂ ಬೆಂಗಳೂರಿನ ಗಾರ್ಮೆಂಟ್ಸ್‌ಗೂ ದುಡಿಯಲು ಹೋದವರು, ಶೇಂಗಾ ಸುಲಿಯುವವರು, ಹತ್ತಿ ಬಿಡಿಸುವವರು, ಹುಣಸೆ ಬಡಿಯುವವರು, ಕಂಬಳಿ ನೇಯುವವರು, ಹರಪನಹಳ್ಳಿ ಕಡೆ ಬೀಡಿ ಕಟ್ಟುವವರು. ಊರು ಬಿಟ್ಟು ಹೋಗಿ ಕಟ್ಟಡದಲ್ಲಿ ಕಂಬಿ ಕಟ್ಟುವವರು, ಕ್ಷೌರದ ಅಂಗಡಿಯವರು, ಹೋಟೆಲಿನಲ್ಲಿ ದೋಸೆ ಹಂಚಿನ ಮುಂದೆ ನಿಂತವರು, ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುವವರು, ಆನ್‌ಲೈನ್ ಸೆಂಟರ್‌ನಲ್ಲಿ ಅರ್ಜಿ ತುಂಬುವ ಹುಡುಗರು. ಇವರಲ್ಲಿ ಹೆಚ್ಚಿನವರಿಗೆ ಮೇಲೊಬ್ಬ ಸಾಹೇಬರಿಲ್ಲ, ಸಂಬಳದ ಚೀಟಿಯಿಲ್ಲ, ರಜೆಯಂತೂ ಇಲ್ಲವೇ ಇಲ್ಲ. ವಾರಕ್ಕೊಮ್ಮೆ ಸಂಘದ ಕಂತು ಕಟ್ಟಬೇಕು. ಕಂತಿನ ದಿನ ಕೈ ನೋಯ್ತದೆ ಅಂದರೆ ನಡೆಯಲ್ಲ. ಹಾಗಾಗಿ ನೋವು ಬಂದರೂ ಕೆಲಸ ನಿಲ್ಲುವುದಿಲ್ಲ. ಕೆಲಸ ನಿಲ್ಲದಿದ್ದರೆ ನೋವು ಹೋಗುವುದಿಲ್ಲ.

‘ವಾಯು’ ಅಲ್ಲ, ‘ಉಳುಕು’ ಅಲ್ಲ

ಮೊದಲ ಸೋಲು ಆಗುವುದು ಹೆಸರಿನಲ್ಲಿ. ಕೈ ಜೋಮು ಹಿಡಿದರೆ ಮನೆಯಲ್ಲಿ ವಾಯು ಅಂತಾರೆ, ಪಕ್ಕದ ಮನೆಯವರು ನರ ಹಿಡ್ಕೊಂಡೈತೆ ಅಂತಾರೆ, ಉಳುಕು ತೆಗೆಯುವವರ ಹತ್ತಿರ ಹೋದರೆ ಎಳೆದು ಉಜ್ಜಿ ಕಳಿಸ್ತಾರೆ. ಊದಿಕೊಂಡ ಸ್ನಾಯುರಜ್ಜನ್ನು ಜೋರಾಗಿ ಎಳೆದರೆ ನೋವು ಜಾಸ್ತಿಯಾಗುವುದೇ ಹೆಚ್ಚು. ಕೊನೆಗೆ ಮೆಡಿಕಲ್ ಶಾಪ್‌ನಲ್ಲಿ ನೋವಿನ ಗುಳಿಗೆ. ಎರಡು ದಿನಕ್ಕೆ ಕೊಂಡಿದ್ದು ಎರಡು ವರ್ಷ ನಡೆಯುತ್ತದೆ. ನೋವಿನ ಗುಳಿಗೆಯನ್ನು ವೈದ್ಯರ ಸಲಹೆ ಇಲ್ಲದೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿಗೆ ತೊಂದರೆಯಾಗಬಹುದು. ಕೈ ಉಳಿಸಲು ಹೋಗಿ ಕಿಡ್ನಿ ಕಳೆದುಕೊಳ್ಳುವ ವ್ಯಾಪಾರ ಇದು.

ಆರ್‌ಎಸ್‌ಐ ಅನ್ನುವುದು ಒಂದೇ ರೋಗವಲ್ಲ, ಹಲವು ರೋಗಗಳ ಗುಂಪು. ಯಾವುದು ಅಂತ ಗೊತ್ತಾದರೆ ಮಾತ್ರ ಚಿಕಿತ್ಸೆ ಸರಿಯಾಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು, ರಾತ್ರಿ ಎಚ್ಚರವಾಗಿ ಕೈ ಕೊಡವಿದರೆ ಹಗುರ ಅನ್ನಿಸಿದರೆ ‘ಕಾರ್ಪಲ್ ಟನಲ್ ಸಿಂಡ್ರೋಮ್’ ಇರಬಹುದು. ಮಣಿಕಟ್ಟಿನಲ್ಲಿ ಹಾದುಹೋಗುವ ನರ ಒತ್ತಿಕೊಂಡಾಗ ಹೀಗಾಗುತ್ತದೆ. ಇದರಲ್ಲಿ ಕಿರುಬೆರಳಿಗೆ ಸಾಮಾನ್ಯವಾಗಿ ಜೋಮು ಬರುವುದಿಲ್ಲ. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಪಕ್ಕ ನೋವಿದ್ದು, ಕೊಡ ಎತ್ತುವಾಗ ಬಟ್ಟೆ ಹಿಂಡುವಾಗ ಚುಚ್ಚಿದಂತಾದರೆ ‘ಡಿ ಕ್ವೆರ್ವೈನ್’ ತೊಂದರೆ ಇರಬಹುದು. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಡಿ ಕ್ವೆರ್ವೈನ್ ಇದನ್ನು 1895ರಲ್ಲಿ ವಿವರಿಸಿದ್ದರಿಂದ ಆ ಹೆಸರು. ಮೊಣಕೈ ಹೊರಮಗ್ಗುಲಿನ ನೋವಿಗೆ ‘ಟೆನಿಸ್ ಎಲ್ಬೋ’ ಅಂತಾರೆ. ಟೆನಿಸ್ ಬ್ಯಾಟ್ ಮುಟ್ಟದ ಗೌಂಡಿಗೂ ಅದು ಬರುತ್ತದೆ. ಬೆರಳು ಮಡಚಿ ಬಿಡಿಸುವಾಗ ಟಕ್ ಅಂತ ಸಿಕ್ಕಿಕೊಂಡರೆ ‘ಟ್ರಿಗರ್ ಫಿಂಗರ್’.

ಇವನ್ನು ಗುರುತಿಸಲು ಮೊದಲ ಹಂತದಲ್ಲಿ ದೊಡ್ಡ ಯಂತ್ರ ಬೇಕಿಲ್ಲ. ಎರಡೂ ಕೈಗಳ ಹಿಂಬದಿ ಒಂದಕ್ಕೊಂದು ತಾಗಿಸಿ, ಮಣಿಕಟ್ಟು ಬಗ್ಗಿಸಿ ಒಂದು ನಿಮಿಷ ಹಿಡಿಯಲು ವೈದ್ಯರು ಹೇಳುತ್ತಾರೆ. ಜೋಮು ಬಂದರೆ ನರದ ಮೇಲೆ ಅನುಮಾನ. ಹೆಬ್ಬೆರಳನ್ನು ಮುಷ್ಟಿಯೊಳಗಿಟ್ಟು ಮಣಿಕಟ್ಟನ್ನು ಕಿರುಬೆರಳಿನ ಕಡೆ ಬಾಗಿಸಿದಾಗ ನೋವು ಹೊಡೆದರೆ ಸ್ನಾಯುರಜ್ಜಿನ ಮೇಲೆ ಅನುಮಾನ. ಅನುಮಾನ ಬಲವಾದರೆ ನರದ ವೇಗ ಅಳೆಯುವ ಪರೀಕ್ಷೆ ಇದೆ. ಇದಕ್ಕೆ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಗುಡೇಕೋಟೆಯಿಂದ ಮೊದಲು ಊರಿನ ಸರ್ಕಾರಿ ಆಸ್ಪತ್ರೆ, ಆಮೇಲೆ ಕೂಡ್ಲಿಗಿ ತಾಲೂಕು ಆಸ್ಪತ್ರೆ, ಅಲ್ಲಿಂದ ಚೀಟಿ ಬರೆಸಿಕೊಂಡು ಜನ ಈಗಲೂ ವಿಮ್ಸ್ ಅಂತಲೇ ಕರೆಯುವ ಬಳ್ಳಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ. ಇದೇ ಕ್ರಮದಲ್ಲಿ ಹೋದರೆ ಖರ್ಚು ಕಮ್ಮಿ. ಚೀಟಿಗಳೂ ಸರಿಯಾಗಿ ಕೂಡಿಬರುತ್ತವೆ.

ಇನ್ನೊಂದು ಮಾತು. ಸಕ್ಕರೆ ಕಾಯಿಲೆ, ಥೈರಾಯ್ಡ್ ಇದ್ದವರಿಗೆ, ಗರ್ಭಿಣಿಯರಿಗೆ ಮಣಿಕಟ್ಟಿನ ನರ ಒತ್ತಿಕೊಳ್ಳುವುದು ಹೆಚ್ಚು. ಕುತ್ತಿಗೆ ಮೂಳೆ ಸವೆದರೂ ಕೈಗೆ ಜೋಮು ಬರುತ್ತದೆ. ಆದ್ದರಿಂದ ಸಕ್ಕರೆ, ಥೈರಾಯ್ಡ್ ಪರೀಕ್ಷೆ ಮಾಡಿಸದೆ ‘ಇದು ಕೆಲಸದ ನೋವು’ ಅಂತ ತಾವೇ ತೀರ್ಮಾನಿಸುವುದೂ ತಪ್ಪು. ವಸ್ತು ಕೈಯಿಂದ ಜಾರುವುದು, ಹೆಬ್ಬೆರಳಿನ ಬುಡದ ಮಾಂಸ ಕರಗಿದಂತೆ ಕಾಣುವುದು ಶುರುವಾದರೆ ಒಂದು ದಿನವೂ ಕಾಯಬಾರದು. ನರ ಬಹಳ ಕಾಲ ಒತ್ತಿಕೊಂಡರೆ ಆಮೇಲೆ ಆಪರೇಷನ್ ಮಾಡಿದರೂ ಪೂರ್ತಿ ಬಲ ಬರುವುದು ಕಷ್ಟ. ಬೇಗ ಬಂದವರಿಗೆ ರಾತ್ರಿ ಮಣಿಕಟ್ಟಿಗೆ ಪಟ್ಟಿ, ಕೆಲಸದ ರೀತಿಯಲ್ಲಿ ಬದಲಾವಣೆ, ವ್ಯಾಯಾಮ, ಬೇಕಾದರೆ ಒಂದು ಇಂಜೆಕ್ಷನ್, ಇಷ್ಟರಲ್ಲೇ ಎಷ್ಟೋ ಸಲ ಗುಣವಾಗುತ್ತದೆ.

ಚೀಟಿಯಲ್ಲಿ ಕಸುಬು ಬರೆಸಿ

ಹೊರರೋಗಿ ವಿಭಾಗದಲ್ಲಿ ಸಾಲು ಉದ್ದ. ರೋಗಿ ‘ಕೈ ನೋಯ್ತೈತ್ರಿ ಸರ್’ ಅಂತಾರೆ, ವೈದ್ಯರು ‘ಕೈ ನೋವು’ ಅಂತ ಬರೆದು ಗುಳಿಗೆ ಕೊಡ್ತಾರೆ. ಆ ಚೀಟಿ ಆಮೇಲೆ ಯಾವ ಕಚೇರಿಯಲ್ಲೂ ಕೆಲಸಕ್ಕೆ ಬರಲ್ಲ. ಅದೇ ರೋಗಿ ‘ಸರ್, ನಾನು ಹನ್ನೆರಡು ವರ್ಷದಿಂದ ದಿನಕ್ಕೆ ಹತ್ತು ತಾಸು ಹೊಲಿಗೆ ಹಾಕ್ತೀನಿ, ಆರು ತಿಂಗಳಿಂದ ಈ ಮೂರು ಬೆರಳು ಜೋಮು, ರಾತ್ರಿ ಎಚ್ಚರ ಆಗ್ತೈತ್ರಿ’ ಅಂದರೆ ಚಿತ್ರವೇ ಬೇರೆ. ರೋಗದ ಹೆಸರು, ಯಾವ ಕೈ, ಎಷ್ಟು ದಿನದಿಂದ, ಕಸುಬು ಏನು, ಎಷ್ಟು ವರ್ಷ, ಈ ನಾಲ್ಕೈದು ಮಾತು ಚೀಟಿಯಲ್ಲಿ ಇರಲಿ ಅಂತ ಕೇಳುವುದು ರೋಗಿಯ ಹಕ್ಕು. ಬರೆಸಿದ ಚೀಟಿಯನ್ನು ಮಡಚಿ ಅಂಗಿ ಜೇಬಿನಲ್ಲಿ ಇಡದೆ, ಮೊಬೈಲ್‌ನಲ್ಲಿ ಫೋಟೋ ತೆಗೆದು ಇಟ್ಟುಕೊಳ್ಳಬೇಕು.

ಹೆಸರಿಗೆ ಎಷ್ಟು ಬೆಲೆ ಇದೆ ಅನ್ನುವುದಕ್ಕೆ ಇಂಗ್ಲೆಂಡಿನ ಒಂದು ಕೇಸು ಸಾಕ್ಷಿ. ರಾಯ್ಟರ್ಸ್ ಸುದ್ದಿಸಂಸ್ಥೆಯ ಪತ್ರಕರ್ತರೊಬ್ಬರು ಟೈಪ್ ಮಾಡಿ ಕೈ ಹಾಳಾಯ್ತು ಅಂತ ಹೂಡಿದ ದಾವೆಯನ್ನು 1993ರಲ್ಲಿ ನ್ಯಾಯಾಧೀಶರು ವಜಾ ಮಾಡಿದರು. ಆರ್‌ಎಸ್‌ಐ ಅನ್ನುವ ಪದಕ್ಕೆ ವೈದ್ಯಶಾಸ್ತ್ರದಲ್ಲಿ ಜಾಗವೇ ಇಲ್ಲ ಅನ್ನುವುದು ಅವರ ಅಭಿಪ್ರಾಯವಾಗಿತ್ತು. ಐದು ವರ್ಷದ ನಂತರ ಕಂಪನಿಯೊಂದರ ಸೆಕ್ರೆಟರಿ ಹೂಡಿದ್ದ ಇನ್ನೊಂದು ದಾವೆಯೂ ಅಲ್ಲಿನ ಮೇಲಿನ ಕೋರ್ಟಿನಲ್ಲಿ ನಿಲ್ಲಲಿಲ್ಲ. ಟೈಪಿಂಗ್‌ನಿಂದಲೇ ನೋವು ಬಂತು ಅನ್ನುವುದು ಸಾಬೀತಾಗಲಿಲ್ಲ. ಗುಂಪಿನ ಹೆಸರು ಹೇಳಿದರೆ ಸಾಲದು, ನಿರ್ದಿಷ್ಟ ರೋಗದ ಹೆಸರು ಬೇಕು, ಕೆಲಸಕ್ಕೂ ಅದಕ್ಕೂ ನಂಟು ತೋರಿಸುವ ಕಾಗದ ಬೇಕು ಅನ್ನುವ ಪಾಠ ನಮಗೂ ಅನ್ವಯಿಸುತ್ತದೆ.

ಕಾನೂನು ಎಲ್ಲಿಯವರೆಗೆ ಬರುತ್ತದೆ?

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2010ರಲ್ಲಿ ಪರಿಷ್ಕರಿಸಿದ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಕಾರ್ಪಲ್ ಟನಲ್, ಮಣಿಕಟ್ಟಿನ ಸ್ನಾಯುರಜ್ಜಿನ ಊತ, ಮೊಣಕೈ ನೋವು ಎಲ್ಲವೂ ಇವೆ. ನಮ್ಮ ದೇಶದಲ್ಲಿ 1923ರ ಪರಿಹಾರ ಕಾಯ್ದೆಯಿಂದ ಬಂದ ಪಟ್ಟಿಯಲ್ಲಿ ಸೀಸ, ಪಾದರಸದ ವಿಷ, ಸಿಲಿಕೋಸಿಸ್, ಶಬ್ದದಿಂದ ಬರುವ ಕಿವುಡು ಮುಂತಾದವು ಇವೆ. ಹೊಲಿಗೆ, ಟೈಪಿಂಗ್‌ನಿಂದ ಸವೆದ ಕೈಗೆ ಅಲ್ಲಿ ಜಾಗ ಸಿಕ್ಕಿಲ್ಲ. ಪಟ್ಟಿಯಲ್ಲಿಲ್ಲದ ರೋಗಕ್ಕೆ ಪರಿಹಾರ ಬೇಕೆಂದರೆ, ಅದು ಕೆಲಸದಲ್ಲಾದ ನಿರ್ದಿಷ್ಟ ಅಪಘಾತದಿಂದಲೇ ಬಂತು ಅಂತ ತೋರಿಸಬೇಕು. ದಿನಾ ಸವೆಯುವ ಕೈಗೆ ಅದು ಹೇಗೆ ಸಾಧ್ಯ? 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೇ ಕಾಯ್ದೆ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಆದರೆ ‘ಪಟ್ಟಿಯಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ’ ಅನ್ನುವ ರೀತಿ ಬದಲಾಗಿಲ್ಲ.

ಹಾಗಂತ ಕೈಚೆಲ್ಲಿ ಕೂರಬೇಕಿಲ್ಲ. ಪರಿಹಾರದ ಬಾಗಿಲು ಮುಚ್ಚಿದ್ದರೂ ಪಕ್ಕದ ಬಾಗಿಲುಗಳು ಕೆಲವು ತೆರೆದಿವೆ.

ಗಾರ್ಮೆಂಟ್ಸ್, ಕಾರ್ಖಾನೆ ಕೆಲಸಗಾರರಿಗೆ ಇಎಸ್‌ಐ ಇದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇದು ಅನ್ವಯಿಸುತ್ತದೆ. ಸಂಬಳದಲ್ಲಿ ಕಾರ್ಮಿಕರ ಪಾಲು ಶೇ 0.75, ಮಾಲೀಕರ ಪಾಲು ಶೇ 3.25. ಕಾಯಿಲೆಯಿಂದ ಕೆಲಸಕ್ಕೆ ಹೋಗಲಾಗದಿದ್ದರೆ, ವಂತಿಗೆಯ ಷರತ್ತು ಪೂರೈಸಿದವರಿಗೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70ರಷ್ಟು ಸಿಗುತ್ತದೆ. ಇಲ್ಲಿ ಒಂದು ಅನುಕೂಲ ಇದೆ. ಈ ಹಣಕ್ಕೆ ‘ಕೆಲಸದಿಂದಲೇ ನೋವು ಬಂತು’ ಅಂತ ಸಾಬೀತು ಮಾಡಬೇಕಿಲ್ಲ. ಇಎಸ್‌ಐ ವೈದ್ಯರ ಸರ್ಟಿಫಿಕೇಟ್ ಇದ್ದರೆ ಸಾಕು. ಕೈ ಸೋತ ತಕ್ಷಣ ಕೆಲಸ ಬಿಟ್ಟು ಬ್ಯಾಗ್ ಹೊತ್ತು ಊರಿಗೆ ಬರುವ ನಮ್ಮ ಹೆಣ್ಣುಮಕ್ಕಳು ತಮ್ಮದೇ ದುಡ್ಡಿನ ಈ ಹಕ್ಕನ್ನು ಬಿಟ್ಟು ಬರುತ್ತಿದ್ದಾರೆ. ಮೊದಲು ಚಿಕಿತ್ಸೆ, ಸರ್ಟಿಫಿಕೇಟ್. ಊರಿನ ಬಸ್ಸು ಆಮೇಲೆ.

ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಇದ್ದವರಿಗೆ ವೈದ್ಯಕೀಯ ನೆರವಿನ ಜೊತೆ ದುರ್ಬಲತೆ ಪಿಂಚಣಿಯೂ ಇದೆ. ಕಾಯಿಲೆಯಿಂದ ಬಂದ ಶಾಶ್ವತ ದೌರ್ಬಲ್ಯವನ್ನೂ ಅದು ಪರಿಗಣಿಸುತ್ತದೆ. ಇದಕ್ಕೂ ವೈದ್ಯರ ಕಾಗದವೇ ಆಧಾರ. ಟೈಲರ್, ಹಮಾಲಿ, ಕ್ಷೌರಿಕರಂಥ ಅಸಂಘಟಿತರಿಗೆ ರಾಜ್ಯದ ಅಸಂಘಟಿತ ಕಾರ್ಮಿಕರ ಮಂಡಳಿಯ ನೋಂದಣಿಯೂ ಕೇಂದ್ರದ ಇ-ಶ್ರಮ್ ಕಾರ್ಡೂ ಇವೆ. ಇವುಗಳಲ್ಲಿ ಮುಖ್ಯವಾಗಿ ಅಪಘಾತದ್ದೇ ಮಾತು. ಆದರೂ ನೋಂದಣಿ ಮಾಡಿಸಿಕೊಳ್ಳುವುದು ಒಳ್ಳೇದು. ‘ಇವರ ಕಸುಬು ಇದು’ ಅನ್ನುವುದಕ್ಕೆ ಸರ್ಕಾರದ್ದೇ ಒಂದು ದಾಖಲೆ ಸಿಕ್ಕಂತಾಗುತ್ತದೆ.

ಮನೆಯಲ್ಲೇ ಕೂತು ಪೀಸ್ ಲೆಕ್ಕದಲ್ಲಿ ಹೊಲಿಯುವವರ ಪಾಡು ಕಷ್ಟ. ಕೆಲಸ ಕೊಟ್ಟವರು ಯಾರು ಅಂತಲೇ ಕಾಗದದಲ್ಲಿ ಇರುವುದಿಲ್ಲ. ಇಂಥವರು ಮಾಲು ತಂದುಕೊಟ್ಟ ಚೀಟಿ, ವಾಟ್ಸಾಪ್ ಮೆಸೇಜು, ಫೋನ್‌ಪೇಯಲ್ಲಿ ಬಂದ ಹಣದ ವಿವರ ಅಳಿಸದೆ ಇಟ್ಟುಕೊಳ್ಳಬೇಕು. ನಾಳೆ ಜಗಳ ಬಂದರೆ ಕೆಲಸದ ಸಂಬಂಧ ತೋರಿಸಲು ಅದೇ ಸಾಕ್ಷಿ.

ವಕೀಲರ ಫೀಸಿಗೆ ಹೆದರಿ ಸುಮ್ಮನಾಗುವವರೇ ಜಾಸ್ತಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಕೈಗಾರಿಕಾ ಕಾರ್ಮಿಕರು, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಉಳಿದವರಿಗೆ ಆದಾಯದ ಮಿತಿ ಇದೆ. ಕೂಡ್ಲಿಗಿ ನ್ಯಾಯಾಲಯದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಗೆ ಒಂದು ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಟ್ಟರೆ ಸಾಕು. ದೂರವಾದರೆ 15100ಕ್ಕೆ ಫೋನ್ ಮಾಡಬಹುದು. ನೋವು ಹೇಳಿಕೊಂಡಿದ್ದಕ್ಕೆ ಕೆಲಸದಿಂದ ತೆಗೆದರೆ, ಕೂಲಿ ಬಾಕಿ ಹಿಡಿದರೆ, ಇಎಸ್‌ಐ ಹಣ ಕಡಿದುಕೊಂಡು ಕಟ್ಟದೇ ಇದ್ದರೆ, ಇವೆಲ್ಲ ಹೋರಾಡಿ ಗೆಲ್ಲಬಹುದಾದ ಕೇಸುಗಳು.

ಸಂಘದಲ್ಲಿ ಕಂತಿನ ಜೊತೆ ಕೈ ಮಾತೂ ಬರಲಿ

ಈ ನೋವಿನ ಇನ್ನೊಂದು ಕಷ್ಟ ಅಂದರೆ ಅದು ಕಣ್ಣಿಗೆ ಕಾಣಲ್ಲ. ಕೈಗೆ ಪ್ಲಾಸ್ಟರ್ ಹಾಕಿದ್ದರೆ ಬಂದವರೆಲ್ಲ ವಿಚಾರಿಸ್ತಾರೆ. ಜೋಮು ಹಿಡಿದ ಕೈಗೆ ‘ಕೆಲಸಕ್ಕೆ ಸೋಮಾರಿತನ’ ಅನ್ನುವ ಮಾತು ಸಿಗುತ್ತದೆ. ಮನೆಯವರೇ ನಂಬದಿದ್ದಾಗ ಮನುಷ್ಯ ಕುಗ್ಗುತ್ತಾನೆ. ಅದೇ ನೋವುಂಡ ಇನ್ನೊಬ್ಬರು ‘ನಂಗೂ ಹಿಂಗೇ ಆಗಿತ್ತಕ್ಕಾ, ನೀನು ಮೊದ್ಲು ಸಕ್ಕರೆ ಟೆಸ್ಟ್ ಮಾಡ್ಸು’ ಅಂದರೆ ಅದರ ತೂಕವೇ ಬೇರೆ. ಹೊರದೇಶಗಳಲ್ಲಿ ಇಂಥವರು ಕೂಡಿ ಗುಂಪು ಕಟ್ಟಿಕೊಂಡಿದ್ದಾರೆ. ಫೆಬ್ರವರಿಯ ಕೊನೇ ದಿನವನ್ನು ಆರ್‌ಎಸ್‌ಐ ಜಾಗೃತಿ ದಿನ ಅಂತ ಆಚರಿಸುತ್ತಾರೆ. ಫೆಬ್ರವರಿ 29 ಪ್ರತಿ ವರ್ಷ ಮರುಕಳಿಸದ ದಿನ, ಅದಕ್ಕೇ ಅದನ್ನು ಆರಿಸಿಕೊಂಡರು.

ನಮ್ಮಲ್ಲಿ ಹೊಸ ಗುಂಪು ಕಟ್ಟುವ ಅಗತ್ಯವೂ ಇಲ್ಲ. ಪ್ರತಿ ಓಣಿಯಲ್ಲೂ ಸ್ವಸಹಾಯ ಸಂಘ ಇದೆ, ವಾರಕ್ಕೊಮ್ಮೆ ಸಭೆ ಸೇರುತ್ತದೆ. ಹಣದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಯಾರ್ಯಾರಿಗೆ ಕೈ, ಕುತ್ತಿಗೆ, ಸೊಂಟ ನೋವಿದೆ ಅಂತ ಮಾತಾಡಿ ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ಒಬ್ಬಳೇ ಹೋಗಿ ನೋವು ಅಂದರೆ ಗುಳಿಗೆ ಸಿಗುತ್ತದೆ. ಒಂದೇ ಕಸುಬಿನ ಹತ್ತು ಜನ ಒಟ್ಟಿಗೆ ಹೋಗಿ ಒಂದೇ ನೋವು ಹೇಳಿದರೆ ವೈದ್ಯರೂ ಕಾರ್ಮಿಕ ಇಲಾಖೆಯೂ ಅದನ್ನು ಕಸುಬಿನ ಪ್ರಶ್ನೆಯಾಗಿ ನೋಡಬೇಕಾಗುತ್ತದೆ. ಕಂತಿನಲ್ಲಿ ಒಂದೆರಡು ವಾರ ಒಬ್ಬರಿಗೊಬ್ಬರು ಹೆಗಲು ಕೊಡುವ ತೀರ್ಮಾನವೂ ಅಲ್ಲೇ ಆಗಬಹುದು. ಕೈಗೆ ಬೇಕಾದ ಮೊದಲ ಔಷಧಿ ವಿಶ್ರಾಂತಿ. ಅದು ಸಿಗುವುದು ಸಾಲದ ಒತ್ತಡ ಸಡಿಲಾದಾಗ ಮಾತ್ರ.

ಅಂಗಡಿಯವರ ಪಾಲು

ಅಂಗಡಿ ಮಾಲೀಕರು ಇಲ್ಲಿ ಎರಡೂ ಕಡೆ ಇದ್ದಾರೆ. ತಮ್ಮ ಕೈಯೂ ಸವೆಯುತ್ತದೆ, ತಮ್ಮ ಹತ್ತಿರ ದುಡಿಯುವ ಹುಡುಗನ ಕೈಯೂ ಸವೆಯುತ್ತದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೇ ಐದು ತಾಸಿಗಿಂತ ಹೆಚ್ಚು ಸತತ ಕೆಲಸ ಮಾಡಿಸಬಾರದು, ನಡುವೆ ಒಂದು ತಾಸು ಬಿಡುವು ಕೊಡಬೇಕು, ವಾರಕ್ಕೊಂದು ರಜೆ ಕೊಡಬೇಕು ಅಂತ ಇದೆ. ಕಾಯ್ದೆ ಮಾತು ಬಿಟ್ಟರೂ ಲೆಕ್ಕ ಸರಳ. ಕೆಲಸ ಕಲಿತ ಕೈ ಹೋದರೆ ಹೊಸಬನಿಗೆ ಕಲಿಸಲು ತಿಂಗಳುಗಳೇ ಬೇಕು.

ಖರ್ಚಿಲ್ಲದ ಬದಲಾವಣೆಗಳೇ ಹೆಚ್ಚು ಕೆಲಸ ಮಾಡುತ್ತವೆ. ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಎತ್ತರ ಮೊಣಕೈಗೆ ಸರಿಹೊಂದಬೇಕು. ಕತ್ತರಿ ಸಾಣೆ ಹಿಡಿದಿರಬೇಕು, ಮೊಂಡು ಕತ್ತರಿ ಹೆಬ್ಬೆರಳಿಗೆ ಶತ್ರು. ಅರ್ಧ ತಾಸಿಗೊಮ್ಮೆ ಒಂದೆರಡು ನಿಮಿಷ ಕೈ ಬಿಡಿಸಬೇಕು. ಕತ್ತರಿಸುವ, ಹೊಲಿಯುವ, ಗುಂಡಿ ಹಚ್ಚುವ ಕೆಲಸವನ್ನು ಅದಲು ಬದಲು ಮಾಡಿಕೊಳ್ಳಬೇಕು. ಶೇಂಗಾ ಸುಲಿಯುವ ಕೈಯಂತ್ರ ಹೊಸದೇನಲ್ಲ, ಸಂಘದವರು ಕೂಡಿ ಒಂದು ತಂದುಕೊಂಡರೆ ಓಣಿಗೇ ಆಗುತ್ತದೆ. ಇಂಥ ಸಲಕರಣೆಗಳ ಬಗ್ಗೆ ಹಗರಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಸರ್ಕಾರದ ಕಡೆಯಿಂದ ಆಗಬೇಕಾದ್ದು ಎರಡು. ಔದ್ಯೋಗಿಕ ರೋಗಗಳ ಪಟ್ಟಿಗೆ ಕೈ, ಕುತ್ತಿಗೆಯ ಈ ರೋಗಗಳು ಸೇರಬೇಕು. ಅದು ದಿಲ್ಲಿಯ ಕೆಲಸ, ಹೊತ್ತು ಹಿಡಿಯುತ್ತದೆ. ಇನ್ನೊಂದು ತಾಲೂಕಿನಲ್ಲೇ ಆಗಬಹುದು. ಆಸ್ಪತ್ರೆಯ ಹೊರರೋಗಿ ಚೀಟಿಯಲ್ಲಿ ಹೆಸರು, ವಯಸ್ಸಿನ ಪಕ್ಕ ‘ಕಸುಬು’ ಅಂತ ಒಂದು ಗೆರೆ, ತಿಂಗಳಿಗೊಮ್ಮೆ ಹೋಬಳಿಯಲ್ಲಿ ಮೂಳೆ ವೈದ್ಯರು, ಫಿಸಿಯೋಥೆರಪಿಯವರ ಒಂದು ಶಿಬಿರ. ಒಂದು ವರ್ಷ ಹಾಗೆ ಬರೆದಿಟ್ಟರೆ ಗುಡೇಕೋಟೆ ಹೋಬಳಿಯಲ್ಲಿ ಎಷ್ಟು ಕೈ ಸವೆದಿವೆ ಅನ್ನುವ ಲೆಕ್ಕ ಮೊದಲ ಬಾರಿಗೆ ಸಿಗುತ್ತದೆ. ಮುಂದಿನ ತಾಲೂಕು ಮಟ್ಟದ ಸಭೆಯಲ್ಲಿ ಇದನ್ನು ಕೇಳಲು ಯಾರ ಅನುಮತಿಯೂ ಬೇಕಿಲ್ಲ.